ಹನ್ನೆರಡರ ಕೂಗು ಎಲ್ಲಿಯವರೆಗೆ

ಸಾಹಸಕ್ಕೆ ದೂರ ಹೋಗಬೇಕು ಎಂಬ ವಾದವನ್ನು ನಾನು ಯಾವತ್ತೂ ಒಪ್ಪಿದವಳಲ್ಲ. ಶಿವಮೊಗ್ಗದಲ್ಲಿ ನಾನು ಓದುತ್ತಿದ್ದ ಕಾಲೇಜಿನ ವಾಚನಾಲಯಕ್ಕೆ ಬರುತ್ತಿದ್ದ ವಾರಪತ್ರಿಕೆಗಳಲ್ಲಿ ಆಗಾಗ ಯಾರೋ ಒಬ್ಬರು ಹಿಮದ ಬೆಟ್ಟ ಹತ್ತಿ, ತುದಿಯಲ್ಲಿ ನಿಂತು, ಬದುಕಿನ ಅರ್ಥ ತಿಳಿಯಿತೆಂದು ಬರೆಯುತ್ತಿದ್ದರು. ಏನು ತಿಳಿಯಿತು ಎಂಬುದನ್ನು ಮಾತ್ರ ಬರೆಯುತ್ತಿರಲಿಲ್ಲ. ಅವರ ಮೂಟೆ ಹೊತ್ತು ಅದೇ ತುದಿಗೆ ಹತ್ತಿದವನಿಗೆ ಏನು ತಿಳಿಯಿತೆಂದು ಯಾರೂ ಕೇಳುತ್ತಿರಲಿಲ್ಲ. ನಾನು ಚರ್ಚಾಸ್ಪರ್ಧೆಯ ಹುಡುಗಿ. ಹೇಳಿದ್ದಕ್ಕಿಂತ ಹೇಳದೆ ಬಿಟ್ಟದ್ದರ ಮೇಲೆ ನನ್ನ ಕಣ್ಣು.

ನಮ್ಮ ಮನೆಯ ಸಾಹಸ ಹುಟ್ಟಿದ್ದು ಭದ್ರಾವತಿಯ ಕಾರ್ಮಿಕರ ವಸತಿಯಲ್ಲಿ, ಹಿತ್ತಿಲಿನಲ್ಲಿ ಬಟ್ಟೆ ಒಣಹಾಕುವ ತಂತಿಯ ಕೆಳಗೆ. ಒಂದು ಭಾನುವಾರ ಅಪ್ಪ ಅಲ್ಲಿ ಚಾಪೆ ಹಾಸಿಕೊಂಡು ಮಲಗಿದ್ದರು. ಹನ್ನೆರಡು ಗಂಟೆಗೆ ಕಾರ್ಖಾನೆಯ ಸೈರನ್ ಕೂಗಿತು. ಅದು ಊಟದ ಕೂಗು. ಅಪ್ಪ ನಿದ್ದೆಗಣ್ಣಿನಲ್ಲೇ ಎದ್ದು, ಕೈ ತೊಳೆದು, ಒಳಗೆ ಬಂದು, ತಟ್ಟೆಯೇ ಇಲ್ಲದ ಜಾಗದಲ್ಲಿ ಚಕ್ಕಳಮಕ್ಕಳ ಹಾಕಿ ಕೂತರು.

"ಅನ್ನ ಇನ್ನೂ ಕುದೀತಿದೆ ಕಣ್ರೀ," ಎಂದು ಅಮ್ಮ ನಕ್ಕಳು. "ಕೂಗಿದ ಕೂಡ್ಲೆ ಬಂದು ಕೂರಕ್ಕೆ ಇದೇನು ಕಾರ್ಖಾನೆಯಾ?"

ಅಪ್ಪ ನಗಲಿಲ್ಲ. ಬರಿಯ ನೆಲವನ್ನೇ ನೋಡುತ್ತಾ, "ಇದು ಎಲ್ಲಿವರೆಗೆ ಕೇಳುತ್ತೆ?" ಎಂದರು.

"ಯಾವುದು?"

"ಈ ಕೂಗು. ಎಷ್ಟು ದೂರ ಹೋದ್ರೆ ಕೇಳಲ್ಲ? ಹದಿನೆಂಟು ವರ್ಷದಿಂದ ಇದು ಏಳು ಅಂದ್ರೆ ಏಳ್ತೀನಿ, ಕೂರು ಅಂದ್ರೆ ಕೂರ್ತೀನಿ. ಇದು ಮುಟ್ಟದಿರೋ ಜಾಗ ಒಂದಾದ್ರೂ ನೋಡಿ ಬರಬೇಕು."

ಇಡೀ ಊರು ಆ ಕೂಗಿಗೆ ಒಲೆ ಹಚ್ಚುತ್ತಿತ್ತು, ಅಂಗಡಿ ಬಾಗಿಲು ಹಾಕುತ್ತಿತ್ತು. ಆದರೆ ಅದರ ಎಲ್ಲೆ ಯಾರಿಗೂ ಗೊತ್ತಿರಲಿಲ್ಲ. ಹುಡುಕಿದರೆ ಸಿಗುವಂಥದ್ದು, ನಡೆದುಕೊಂಡೇ ಹೋಗಬಹುದಾದದ್ದು. ಮುಂದಿನ ಭಾನುವಾರದಿಂದಲೇ ನಾವಿಬ್ಬರೂ ಹೊರಟೆವು.

ಇದನ್ನು ಓದುವವರಿಗೆ ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಕೊನೆಗೆ ಬಯಲಿಗೆಳೆದು ಚಪ್ಪಾಳೆ ಗಿಟ್ಟಿಸುವ ಅಭ್ಯಾಸ ನನಗಿತ್ತು, ಈಗ ಅದು ಬೇಡ. ಅಪ್ಪನ ಕಿವಿ ಹೋಗುತ್ತಿತ್ತು. ಅವರ ಕೆಲಸ ಎರಕದ ಗುಂಡಿಯಲ್ಲಿ. ಅಲ್ಲಿ ಕರಗಿದ ಕಬ್ಬಿಣ ತುಂಬಿದ ದೊಡ್ಡ ಬಾನಿಯನ್ನು ಕ್ರೇನು ತಲೆಯ ಮೇಲೆ ತರುತ್ತದೆ. ತರುವಾಗ ಮೇಲಿನಿಂದ ಒಂದು ಗಂಟೆ ಬಾರಿಸುತ್ತಾರೆ. ಗಂಟೆ ಕೇಳಿದವರು ಸರಿದು ನಿಲ್ಲಬೇಕು. ಗಂಟೆ ಕೇಳದವನಿಗೆ ಆ ಗುಂಡಿಯಲ್ಲಿ ಜಾಗವಿಲ್ಲ. ಅಪ್ಪ ಕಿವಿಯ ವಿಷಯವನ್ನು ಎಲ್ಲರಿಂದ ಮುಚ್ಚಿಟ್ಟಿದ್ದರು. ಅದನ್ನು ಕಂಡುಹಿಡಿದವಳು ನಾನು, ಬಯಲು ಮಾಡಿದವಳೂ ನಾನೇ.

ನನಗೆ ಮೊದಲೇ ಗೊತ್ತಾಗಬೇಕಿತ್ತು ಎಂದು ಈಗ ಅನ್ನಿಸುತ್ತದೆ. ಆದರೆ ನಮ್ಮ ವಸತಿಯಲ್ಲಿ ಗಂಡಸರೆಲ್ಲ ಕೂಗಿಯೇ ಮಾತಾಡುತ್ತಿದ್ದರು. ಯಂತ್ರಗಳ ನಡುವೆ ಎಂಟು ಗಂಟೆ ಇದ್ದು ಬಂದವರು ಮನೆಯಲ್ಲಿ ಉಪ್ಪು ಕೇಳಿದರೂ ಬೀದಿಗೆ ಕೇಳುತ್ತಿತ್ತು. ಹೆಂಗಸರು ಅದಕ್ಕಿಂತ ಜೋರಾಗಿ ಉತ್ತರ ಕೊಡುತ್ತಿದ್ದರು. ಅಂಥ ಕಡೆ ಒಬ್ಬನ ಕಿವಿ ಮಂದವಾದರೆ ಯಾರು ಗಮನಿಸುತ್ತಾರೆ? ಇನ್ನೊಂದು ವಿಷಯ ಹೇಳಲು ನಾಚಿಕೆಯಾಗುತ್ತದೆ. ನಾನು ಮಾತಾಡುವಾಗ ಅಪ್ಪ ನನ್ನ ಮುಖವನ್ನೇ ನೋಡುತ್ತಿದ್ದರು, ಕಣ್ಣು ಆಚೀಚೆ ಹೋಗುತ್ತಿರಲಿಲ್ಲ. ನನ್ನ ವಾದವನ್ನು ಅಷ್ಟು ಗಮನವಿಟ್ಟು ಕೇಳುವವರು ಕಾಲೇಜಿನಲ್ಲೂ ಇಲ್ಲ ಎಂದು ನಾನು ಹೆಮ್ಮೆಪಡುತ್ತಿದ್ದೆ. ಅವರು ನನ್ನ ತುಟಿ ಓದುತ್ತಿದ್ದರು.

ಹುಡುಕಾಟಕ್ಕೆ ನಿಯಮ ಮಾಡಿದವಳು ನಾನು. ಸುಮ್ಮನೆ ಹೋಗಿ ನಿಂತು, "ಕೇಳ್ತಪ್ಪ" ಅನ್ನುವುದು ಪ್ರಮಾಣವಲ್ಲ ಎಂದು ಮೊದಲ ದಿನವೇ ವಾದ ಮಾಡಿದೆ. ಒಬ್ಬರು ಕೇಳಿತು ಅಂದರೆ ಇನ್ನೊಬ್ಬರಿಗೂ ಕೇಳಿದಂತಾಗುತ್ತದೆ. ಆದ್ದರಿಂದ ಇಬ್ಬರೂ ಬೆನ್ನಿಗೆ ಬೆನ್ನು ಹಾಕಿ ಕೂರಬೇಕು. ಹನ್ನೆರಡಾದ ಮೇಲೆ ಒಬ್ಬರಿಗೊಬ್ಬರು ಮಾತಾಡದೆ ಚೀಟಿಯಲ್ಲಿ 'ಕೇಳಿತು' ಅಥವಾ 'ಇಲ್ಲ' ಎಂದು ಬರೆದು ಮಡಚಬೇಕು. ಆಮೇಲೆ ಅದಲು ಬದಲು. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ಚೀಟಿಯ ಹಿಂದೆ ಬರೆಯಲೇಬೇಕು, ಗಾಳಿ ಬರೆಯದ ಚೀಟಿ ಲೆಕ್ಕಕ್ಕಿಲ್ಲ.

"ಗಾಳಿ ಯಾಕೆ?" ಎಂದರು ಅಪ್ಪ.

"ಗಾಳಿ ನಮ್ಮ ಕಡೆ ಇದ್ರೆ ಕೂಗು ಜಾಸ್ತಿ ದೂರ ಬರುತ್ತೆ. ಎದುರಿಗಿದ್ರೆ ಕಡಿಮೆ. ಅದನ್ನ ಬಿಟ್ಟು ಎಲ್ಲೆ ಅಂದ್ರೆ ಯಾರಾದ್ರೂ ಒಪ್ತಾರಾ?"

"ಒಪ್ಪಕ್ಕೆ ಯಾರು ಬರ್ತಾರೆ ಮಾರಾಯ್ತಿ, ನಾವಿಬ್ರೇ ತಾನೆ."

"ನಾನು ಒಪ್ಪಬೇಕಲ್ಲ."

"ಅದು ಹೌದು. ಅದೇ ಕಷ್ಟ," ಎಂದು ಅಪ್ಪ ತಲೆಯಾಡಿಸಿದರು.

ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ನಡುವೆ ಕಾರ್ಖಾನೆ ಬರೆದು ನಾಲ್ಕು ದಾರಿ ಎಳೆದೆ. ಒಂದು, ಹೊಳೆ ಹರಿಯುವ ಕಡೆಗೆ. ಎರಡು, ಹಿಂದೆ ಕುಲುಮೆಗೆ ಕಾಡಿನಿಂದ ಇದ್ದಲು ತರುತ್ತಿದ್ದ ಗಾಡಿಗಳ ಹಳೆಯ ದಾರಿ. ಮೂರು, ಹೊಸ ನಾಲೆಯ ಏರಿ. ನಾಲ್ಕು, ಶಿವಮೊಗ್ಗದ ಕಡೆ ರೈಲು ಹಳಿಯ ಪಕ್ಕ. ಆ ಕಡೆ ನಾನು ದಿನಾ ರೈಲಿನಲ್ಲಿ ಹೋಗಿ ಬರುವವಳು, ಅದರಲ್ಲಿ ಹೊಸದೇನಿದೆ ಎಂದು ಕೊನೆಗಿಟ್ಟೆವು. ಅಮ್ಮ ಹಳೆಯ ಕೆಂಪು ಸೀರೆಯೊಂದನ್ನು ಪಟ್ಟಿ ಪಟ್ಟಿಯಾಗಿ ಹರಿದುಕೊಟ್ಟಳು. ಕೇಳಿದ ಕೊನೆಯ ಜಾಗದ ಮರಕ್ಕೆ ಒಂದು ಪಟ್ಟಿ ಕಟ್ಟುವುದು.

ಬೆಳಗ್ಗೆ ಎಂಟಕ್ಕೆ ಬುತ್ತಿ ಕಟ್ಟಿಕೊಂಡು ಹೊರಟರೆ ಬಿಸಿಲೇರುವ ಹೊತ್ತಿಗೆ ಚಿಮಣಿಗಳು ಬೆರಳುದ್ದ ಕಾಣುತ್ತಿದ್ದವು. ಹೊಳೆಯ ದಾರಿಯಲ್ಲಿ ತೊಡೆಮಟ್ಟದ ನೀರಿಗಿಳಿದು ಒಂದು ಕವಲು ದಾಟಿದೆವು. ನಾನು ಸೀರೆಯನ್ನು ಕಚ್ಚೆ ಹಾಕಿ, ಅಪ್ಪನ ಭುಜ ಹಿಡಿದು, ಬುತ್ತಿಯನ್ನು ತಲೆಯ ಮೇಲಿಟ್ಟುಕೊಂಡು. ಕಬ್ಬಿನ ಗದ್ದೆಯಿಂದ ಹಂದಿಯೊಂದು ನುಗ್ಗಿ ಬಂದು ನಮ್ಮಿಬ್ಬರ ಮಧ್ಯದಲ್ಲೇ ಓಡಿಹೋಯಿತು. ವಸತಿಯ ಹೆಂಗಸರು ಅಮ್ಮನನ್ನು, "ವಯಸ್ಸಿಗೆ ಬಂದ ಹುಡುಗಿಯನ್ನ ಗದ್ದೆ ಗದ್ದೆ ತಿರುಗಿಸ್ತಾರಲ್ಲ ನಿಮ್ಮನೆಯವರು?" ಎಂದು ಕೇಳಿದರಂತೆ. ಅಮ್ಮ, "ಗಂಡು ನೋಡಕ್ಕೆ ಹೋಗ್ತಿದಾರೆ," ಎಂದಳಂತೆ. ಆ ವಾರಗಳಲ್ಲಿ ನಾನು ಅಪ್ಪನ ಜೊತೆ ಆಡಿದಷ್ಟು ಮಾತನ್ನು ಅದಕ್ಕೆ ಮೊದಲು ಆಡಿರಲಿಲ್ಲ. ಆಮೇಲೂ ಆಡಿಲ್ಲ.

ಇದ್ದಲು ಗಾಡಿಯ ದಾರಿಯಲ್ಲಿ ಒಂದು ದಿನ ಹಿಂದಿನಿಂದ ಎತ್ತಿನ ಗಾಡಿ ಬಂತು. ಎತ್ತುಗಳ ಕೊರಳಗಂಟೆ ದೂರದಿಂದಲೇ ಕೇಳುತ್ತಿತ್ತು. ನಾನು ಸರಿದೆ. ಅಪ್ಪ ದಾರಿಯ ನಡುವೆಯೇ ನಡೆಯುತ್ತಿದ್ದರು. ನಾನು ತೋಳು ಹಿಡಿದು ಎಳೆಯುವ ಹೊತ್ತಿಗೆ ಎತ್ತಿನ ಉಸಿರು ಅವರ ಬೆನ್ನಿಗೆ ತಾಗಿತ್ತು.

"ಏನು ಯಜಮಾನ್ರೇ, ಕಿವೀನ ಮನೇಲಿ ಬಿಟ್ಟು ಬಂದ್ರಾ?" ಎಂದ ಗಾಡಿಯವನು.

ನಾನು ನಕ್ಕೆ. ನಾನು ನಕ್ಕಿದ್ದನ್ನು ನೋಡಿ ಅಪ್ಪನೂ ನಕ್ಕರು. ಏನೋ ಯೋಚನೆಯಲ್ಲಿದ್ದರು ಎಂದುಕೊಂಡೆ. ಎಲ್ಲವನ್ನೂ ಅನುಮಾನಿಸುವ ನಾನು ಅನುಮಾನಿಸಬೇಕಾದ್ದನ್ನು ಬಿಟ್ಟು ಗಾಳಿಯ ದಿಕ್ಕು ನೋಡುತ್ತಿದ್ದೆ.

ಚೀಟಿಗಳು ಮೊದಲ ಎರಡು ವಾರ ಹೊಂದಲಿಲ್ಲ. ನನ್ನದು 'ಕೇಳಿತು', ಅಪ್ಪನದು 'ಇಲ್ಲ'. ಊರಿಂದ ಎರಡು ಮೈಲಿ ಕೂಡ ದಾಟಿರಲಿಲ್ಲ. "ವಯಸ್ಸಾಯ್ತು ನಿಮಗೆ," ಎಂದು ರೇಗಿಸಿದೆ. ಮೂರನೆಯ ವಾರದಿಂದ ಅವರ ಚೀಟಿ ಬದಲಾಯಿತು. ಎಲ್ಲಿ ಕೂತರೂ 'ಕೇಳಿತು'. ನನಗೆ ಸೊಳ್ಳೆಯ ಗುಂಯ್‌ಗುಟ್ಟುವಿಕೆಯಷ್ಟು ಕೇಳಿದ ಕಡೆಯೂ 'ಕೇಳಿತು'. ನಾಲೆಯ ಏರಿಯ ಮೇಲೆ ನಾಲ್ಕೂವರೆ ಮೈಲಿ ದಾಟಿದ ಮೇಲೆ ನನಗೆ ಏನೂ ಕೇಳಲಿಲ್ಲ, ಗಾಳಿಯೂ ಎದುರಿಗಿತ್ತು. ಅಪ್ಪನ ಚೀಟಿ ಬಿಚ್ಚಿದರೆ ದುಂಡಾದ ಅಕ್ಷರದಲ್ಲಿ 'ಕೇಳಿತು'.

"ಸಾಧ್ಯವೇ ಇಲ್ಲ," ಎಂದೆ.

"ನಿನ್ನ ಕಿವಿ ಹಾಳಾಗಿದೆ ಮಾರಾಯ್ತಿ. ಭಾಷಣ ಮಾಡೀ ಮಾಡೀ ನಿನ್ನ ದನಿ ಬಿಟ್ಟು ಬೇರೇನೂ ಕೇಳಿಸ್ತಿಲ್ಲ."

ಮನೆಯವರೆಗೂ ಜಗಳವಾಡಿದೆ. ಅಪ್ಪ ಒಪ್ಪಲಿಲ್ಲ. ಎದುರು ಪಕ್ಷದ ಮಾತಿನಲ್ಲಿ ಎಲ್ಲೋ ಒಂದು ಸುಳ್ಳಿದೆ, ಅದು ಎಲ್ಲಿದೆ ಎಂದು ಮಾತ್ರ ಸಿಗುತ್ತಿಲ್ಲ ಎಂದಾಗ ಏನು ಮಾಡಬೇಕೆಂದು ಕಾಲೇಜಿನಲ್ಲಿ ಚರ್ಚೆಯವರಿಗೆ ಕಲಿಸಿದ್ದರು. ನೇರವಾಗಿ ಹಾಯಬಾರದು. ಅವರು ಸಹಜವಾಗಿ ನಡೆಯುವ ದಾರಿಯಲ್ಲಿ ಒಂದು ಗುಂಡಿ ತೋಡಿಟ್ಟು ಪಕ್ಕಕ್ಕೆ ನಿಲ್ಲಬೇಕು.

ಮುಂದಿನ ಭಾನುವಾರ ಅಪ್ಪ ಸ್ನಾನಕ್ಕೆ ಹೋದಾಗ ಗೂಡಿನಲ್ಲಿಟ್ಟಿದ್ದ ಅವರ ಕೈಗಡಿಯಾರವನ್ನು ಹತ್ತು ನಿಮಿಷ ಮುಂದಕ್ಕೆ ತಿರುಗಿಸಿದೆ.

ಆ ದಿನ ಬೇಕೆಂದೇ ಹತ್ತಿರದ ಜಾಗ ಆರಿಸಿದೆ. ನಾಲೆಯ ಏರಿಯಲ್ಲೇ, ಊರಿಂದ ಎರಡು ಮೈಲಿ. ಬೆನ್ನಿಗೆ ಬೆನ್ನು ಹಾಕಿ ಕೂತೆವು. ಅಪ್ಪ ಕಡಲೆಕಾಯಿ ತಂದಿದ್ದರು. ಸ್ವಲ್ಪ ಹೊತ್ತಿನ ನಂತರ ಸಿಪ್ಪೆ ಒಡೆಯುವ ಸದ್ದು ನಿಂತಿತು. ನಾನು ನಿಯಮ ಮುರಿದು ಮೆಲ್ಲಗೆ ಹೊರಳಿ ನೋಡಿದೆ. ಅಪ್ಪ ಗಡಿಯಾರ ನೋಡಿದರು. ತಲೆ ಎತ್ತಿದರು. ಕಣ್ಣು ಕಿರಿದು ಮಾಡಿ, ದೂರದ್ದೇನನ್ನೋ ಆಲಿಸುವವರಂತೆ ಅರ್ಧ ನಿಮಿಷ ಕೂತರು. ಆಮೇಲೆ ತೊಡೆಯ ಮೇಲೆ ಚೀಟಿ ಇಟ್ಟುಕೊಂಡು ಬರೆದು ಮಡಚಿದರು. ಎಲ್ಲೂ ಏನೂ ಕೂಗಿರಲಿಲ್ಲ.

ಸಿಕ್ಕಿಬಿದ್ದರು ಎಂದು ಹಿಗ್ಗಿದೆ. ಆ ಖುಷಿಯನ್ನು ಮುಚ್ಚಿಟ್ಟು ಬರೆದರೆ ಈ ಬರಹಕ್ಕೆ ಅರ್ಥವಿಲ್ಲ.

ಅಪ್ಪ ನನ್ನ ಚೀಟಿಗೆ ಕೈ ಚಾಚಿದರು. ತಡೀರಿ ಎಂದು ಸನ್ನೆ ಮಾಡಿದೆ. ಅವರು ಮತ್ತೆ ಕಡಲೆಕಾಯಿಗೆ ಕೈ ಹಾಕಿದರು. ನಾನೀಗ ಅವರ ಎದುರಿಗೆ ಬಂದು ಕೂತಿದ್ದೆ. ಹತ್ತು ನಿಮಿಷ ಕಳೆದ ಮೇಲೆ ಸೈರನ್ ಕೂಗಿತು. ಗಾಳಿ ನಮ್ಮ ಕಡೆಗೇ ಇತ್ತು. ಅಷ್ಟು ಸ್ಪಷ್ಟವಾಗಿ ನಾನು ಅದನ್ನು ಹೊರಗೆಲ್ಲೂ ಕೇಳಿರಲಿಲ್ಲ. ಶುರುವಾಗಿ, ಮೇಲೇರಿ, ಅಲ್ಲೇ ನಿಂತು, ನಿಧಾನಕ್ಕೆ ಇಳಿಯಿತು. ಏರಿಯ ಕೆಳಗೆ ಕಳೆ ಕೀಳುತ್ತಿದ್ದ ಇಬ್ಬರು ಹೆಂಗಸರು ಸೊಂಟ ನೆಟ್ಟಗೆ ಮಾಡಿ ಬುತ್ತಿಯ ಕಡೆ ನಡೆದರು. ಅಪ್ಪ ಒಂದು ಕಡಲೆಕಾಯಿಯ ಸಿಪ್ಪೆ ಒಡೆದು, ಬೀಜದ ಮೇಲಿನ ಕೆಂಪು ಹೊಟ್ಟನ್ನು ಉಜ್ಜಿ, ಊದಿ, ನನ್ನ ಕೈಗೆ ಹಾಕಿದರು.

ನಾನು ಚೀಟಿಯಲ್ಲಿ 'ಈಗ ಕೇಳಿತು' ಎಂದು ಬರೆದು ಕೊಟ್ಟೆ.

ಅಪ್ಪ ಓದಿದರು. ಏರಿಯ ಕೆಳಗಿನ ಹೆಂಗಸರನ್ನು ನೋಡಿದರು. ಗಡಿಯಾರ ನೋಡಿದರು.

"ಮುಟ್ಟಿದೀಯಾ ಇದನ್ನ?"

"ಹೂಂ."

"ಎಷ್ಟು?"

"ಹತ್ತು ನಿಮಿಷ."

ಅಪ್ಪ ಗಡಿಯಾರ ಬಿಚ್ಚಿ, ಮುಳ್ಳನ್ನು ಹತ್ತು ನಿಮಿಷ ಹಿಂದಕ್ಕೆ ತಿರುಗಿಸಿ, ಮತ್ತೆ ಕಟ್ಟಿಕೊಂಡರು. ಆಮೇಲೆ ನನ್ನ ಮುಖ ನೋಡಿ, "ಯಾರಿಗೂ ಹೇಳಬೇಡ ಮಾರಾಯ್ತಿ. ಗುಂಡಿಯಿಂದ ತೆಗೆದುಬಿಡ್ತಾರೆ," ಎಂದರು.

"ಕ್ರೇನಿನ ಗಂಟೆ ಕೇಳುತ್ತಾ ನಿಮಗೆ?"

"ಕೆಲವು ಸಲ."

"ಉಳಿದ ಸಲ?"

"ನಮ್ಮ ಪಕ್ಕದ ಮನೆಯವನೂ ಗುಂಡೀಲೇ ಇರ್ತಾನಲ್ಲ, ಅವನು ಭುಜ ಮುಟ್ತಾನೆ. ಎರಡು ಸಲ ತಟ್ಟಿದ್ರೆ ಬಾನಿ ಬರ್ತಿದೆ ಅಂತ. ನೆರಳು ನೋಡ್ಕೋತೀನಿ. ಅಲ್ಲಿ ಯಾರೂ ಕಿವಿಯಿಂದ ಕೆಲಸ ಮಾಡಲ್ಲ, ತಿಳ್ಕೊ. ಕಬ್ಬಿಣದ ಬಣ್ಣ ನೋಡಿ ಸುರಿ ಅನ್ನೋದು ನಾನು, ಬೇಡ ಅನ್ನೋದು ನಾನು. ಅದಕ್ಕೆ ಕಣ್ಣು ಸಾಕು."

ಮೂರು ತಕರಾರು ನಾಲಿಗೆಯ ತುದಿಗೆ ಬಂದವು. ನುಂಗಿಕೊಂಡು, "ಹೇಳಲ್ಲ," ಎಂದೆ.

ಒಂದು ತಿಂಗಳ ನಂತರ ಶಿವಮೊಗ್ಗದಲ್ಲಿ ಅಂತರ ಕಾಲೇಜು ಚರ್ಚಾಸ್ಪರ್ಧೆ. ವಿಷಯ, ಮನುಷ್ಯ ನಂಬುವುದು ಕಂಡದ್ದನ್ನಲ್ಲ, ನಂಬಬೇಕಾದ್ದನ್ನು. ನನಗೆ ಪರವಾಗಿ ಮಾತಾಡುವ ಸರದಿ. ಹಿಂದಿನವರೆಲ್ಲ ಪುಸ್ತಕದ ಉದಾಹರಣೆ ಕೊಟ್ಟು ಸಭೆಯನ್ನು ಆಕಳಿಸುವಂತೆ ಮಾಡಿದ್ದರು. ಜೀವ ಇರುವ ಒಂದು ಉದಾಹರಣೆ ನನ್ನ ಹತ್ತಿರ ಇತ್ತು. ಹೆಸರು ಹೇಳದಿದ್ದರೆ ಹೇಳಿದಂತಲ್ಲ ಎಂದು ನನಗೆ ನಾನೇ ವಾದ ಮಾಡಿಕೊಂಡೆ. ಎದುರಿಗೆ ಯಾರೂ ಇಲ್ಲದ್ದರಿಂದ ಸುಲಭವಾಗಿ ಗೆದ್ದೆ.

"ಒಬ್ಬ ಮನುಷ್ಯ ನನಗೆ ಗೊತ್ತು," ಎಂದು ಶುರು ಮಾಡಿದೆ. ಗಡಿಯಾರ, ಚೀಟಿ, ಏರಿ, ಹತ್ತು ನಿಮಿಷ. ಅಪ್ಪ ತಲೆ ಎತ್ತಿದ್ದನ್ನೂ ಕಣ್ಣು ಕಿರಿದು ಮಾಡಿದ್ದನ್ನೂ ವೇದಿಕೆಯ ಮೇಲೆ ಮಾಡಿ ತೋರಿಸಿದೆ. ಸಭಾಂಗಣ ಬಿದ್ದು ಬಿದ್ದು ನಕ್ಕಿತು. ನಗು ಇಳಿಯುವವರೆಗೆ ಕಾದು, "ಇಲ್ಲದ ಕೂಗನ್ನು ಕೇಳಿದವನು, ಇದ್ದ ಕೂಗನ್ನು ಕೇಳಲಿಲ್ಲ," ಎಂದು ಮುಗಿಸಿದೆ. ಬೆಳ್ಳಿಯ ಬಟ್ಟಲು ನನಗೇ ಬಂತು.

ಕಾಫಿಯ ಹೊತ್ತಿನಲ್ಲಿ ತೀರ್ಪುಗಾರರಲ್ಲಿ ಒಬ್ಬರು, ಕೋಟು ಹಾಕಿದ್ದ ಹಿರಿಯರು, ನನ್ನ ಹತ್ತಿರ ಬಂದರು.

"ಉದಾಹರಣೆ ಬಹಳ ಚೆನ್ನಾಗಿತ್ತಮ್ಮ. ನಡೆದದ್ದೋ, ನೀನೇ ಕಟ್ಟಿದ್ದೋ?"

ಚರ್ಚೆಯವರಿಗೆ ಇದಕ್ಕಿಂತ ದೊಡ್ಡ ಅವಮಾನವಿಲ್ಲ. ಆಧಾರವಿಲ್ಲದ ಉದಾಹರಣೆಗೆ ಅಂಕ ಕಳೆಯುತ್ತಾರೆ. ಯಾರು, ಎಲ್ಲಿ ಎಂದು ಕೇಳಿದರೆ ಥಟ್ಟನೆ ಹೇಳಬೇಕು ಎಂದು ನಮ್ಮನ್ನು ತಿದ್ದಿ ತಿದ್ದಿ ಬೆಳೆಸಿದ್ದರು. ಯೋಚಿಸುವುದಕ್ಕೆ ಮೊದಲೇ ಬಾಯಿ ಕೆಲಸ ಮಾಡಿತು.

"ನಡೆದದ್ದೇ ಸಾರ್. ನಮ್ಮ ತಂದೆಯವರು."

"ಹೌದಾ? ಏನು ಮಾಡ್ತಾರೆ?"

"ಭದ್ರಾವತೀಲಿ, ಕಾರ್ಖಾನೇಲಿ. ಎರಕದ ಗುಂಡಿ."

ಅವರ ಕೈಯ ಲೋಟ ಬಾಯಿಯ ಹತ್ತಿರ ಹೋದದ್ದು ಅಲ್ಲೇ ನಿಂತಿತು. "ಗುಂಡೀಲಾ?" ಎಂದರು. ಅವರು ಅದೇ ಕಾರ್ಖಾನೆಯ ಅಧಿಕಾರಿ ಎಂದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಹೇಳುತ್ತಿರಲಿಲ್ಲವೇ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ನನ್ನ ಉತ್ತರವನ್ನು ನಾನೇ ನಂಬುವುದಿಲ್ಲ.

ರೈಲು ಸಂಜೆಗೆ. ಬಟ್ಟಲನ್ನು ಚೀಲದಲ್ಲಿ ಹಾಕಿಕೊಂಡು ಸವಳಂಗ ರಸ್ತೆ ಹಿಡಿದು ನವುಲೆಯ ಹೊಲಗಳು ಕಾಣುವವರೆಗೆ ಸುಮ್ಮನೆ ನಡೆದೆ. ಗೆದ್ದ ದಿನ ಕಾಲು ನಿಲ್ಲುವುದಿಲ್ಲ. ಹನ್ನೆರಡಾಯಿತು ಎಂದು ಹೊಟ್ಟೆ ಹೇಳಿತು. ಅಭ್ಯಾಸಬಲದಿಂದ ನಿಂತು ಕಿವಿಗೊಟ್ಟೆ. ಹತ್ತು ಹನ್ನೆರಡು ಮೈಲಿ ಆಚೆಯ ಕೂಗು ಕೇಳುವುದು ಸಾಧ್ಯವಿರಲಿಲ್ಲ. ಅಪ್ಪನಿಗೆ ಈ ಜಾಗ ತೋರಿಸಬೇಕು ಎಂದುಕೊಂಡೆ.

ನಾಲ್ಕು ದಿನಗಳಾದ ಮೇಲೆ ಅಪ್ಪ ಕೆಲಸದಿಂದ ಬಂದು, ಚಪ್ಪಲಿ ಬಿಟ್ಟು, ಅಮ್ಮನಿಗೆ, "ಸಾಹೇಬರು ಕರೆಸಿದ್ರು. ನಿನ್ನ ಮಗಳನ್ನ ಬಹಳ ಹೊಗಳಿದ್ರು," ಎಂದರು.

"ಇವಳನ್ನಾ? ಯಾಕಂತೆ?"

"ಚೆನ್ನಾಗಿ ಮಾತಾಡ್ತಾಳಂತೆ. ನನ್ನ ಕಿವಿ ಹತ್ರ ಬಂದು ಕೂಗಿ ಹೇಳಿದ್ರು."

ಅಮ್ಮನಿಗೆ ಅರ್ಥವಾಗಲಿಲ್ಲ. ನನಗಾಯಿತು. ಶನಿವಾರ ಶಿವಮೊಗ್ಗದಲ್ಲಿ ಕಿವಿಯ ಡಾಕ್ಟರ ಹತ್ತಿರ ತೋರಿಸಿ ಚೀಟಿ ತರಬೇಕು, ಅಲ್ಲಿಯವರೆಗೆ ಗುಂಡಿಗೆ ಇಳಿಯಬಾರದು ಎಂದು ಹೇಳಿದ್ದರಂತೆ.

ರೈಲಿನಲ್ಲಿ ಅಪ್ಪ ಕಿಟಕಿಯ ಪಕ್ಕ ಕೂತರು. ಅರ್ಧ ದಾರಿಯಲ್ಲಿ ನನ್ನ ಕಡೆ ತಿರುಗಿ, "ಜನ ನಕ್ಕರಾ?" ಎಂದರು.

ಸುಳ್ಳು ಹೇಳಬಹುದಿತ್ತು. "ನಕ್ಕರು," ಎಂದೆ.

"ತುಂಬಾ?"

"ಹೂಂ."

ಅಪ್ಪ ತಲೆಯಾಡಿಸಿ ಮತ್ತೆ ಕಿಟಕಿಯ ಕಡೆ ತಿರುಗಿದರು. ಆಮೇಲೆ ನಾನು ಏನು ಹೇಳಿದ್ದರೂ ಅವರಿಗೆ ಕೇಳುತ್ತಿರಲಿಲ್ಲ. ನನ್ನ ಮುಖ ನೋಡುವುದನ್ನು ನಿಲ್ಲಿಸಿದರೆ ಸಾಕಿತ್ತು.

ಡಾಕ್ಟರು ಅಪ್ಪನನ್ನು ಕುರ್ಚಿಯಲ್ಲಿ ಕೂರಿಸಿ, ಹಿಂದೆ ನಿಂತು ಒಂದೊಂದೇ ಪದ ಹೇಳತೊಡಗಿದರು. ಮನೆ. ಮರ. ನೀರು. ಅಪ್ಪ ತಪ್ಪಿಲ್ಲದೆ ಹೇಳುತ್ತಿದ್ದರು. ಎದುರಿಗೆ ಔಷಧಿಯ ಗಾಜಿನ ಬೀರು. ಅದರಲ್ಲಿ ಡಾಕ್ಟರ ಬಾಯಿ ಕಾಣುತ್ತಿತ್ತು. ನಾನು ನೋಡಿದೆ. ನಾನು ನೋಡಿದ್ದನ್ನು ಅಪ್ಪನೂ ಅದೇ ಗಾಜಿನಲ್ಲಿ ನೋಡಿದರು. ಜೀವನದಲ್ಲಿ ಮೊದಲ ಸಲ, ಕಣ್ಣೆದುರಿಗೆ ನಡೆಯುತ್ತಿದ್ದ ಸುಳ್ಳೊಂದನ್ನು ಅದರ ಪಾಡಿಗೆ ಬಿಟ್ಟು ಬಾಯಿ ಮುಚ್ಚಿ ಕೂತೆ. ಆರನೆಯ ಪದಕ್ಕೆ ಡಾಕ್ಟರಿಗೇ ಏನೋ ಹೊಳೆದು ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿದರು. ಅಲ್ಲಿಂದ ಮುಂದೆ ಅಪ್ಪ ಒಂದು ಪದವನ್ನೂ ಹೇಳಲಿಲ್ಲ. ಊಹಿಸಲಿಕ್ಕೂ ಹೋಗಲಿಲ್ಲ.

ಅವರನ್ನು ಉಗ್ರಾಣಕ್ಕೆ ಹಾಕಿದರು. ಕೈಗವಸು, ಎಣ್ಣೆ ಒರೆಸುವ ಹತ್ತಿ, ಪೊರಕೆ ಕೊಡುವ ಕೆಲಸ. ಬೆರಳು ಹೋದವರು, ಕಣ್ಣು ಹೋದವರು ಇರುವ ಜಾಗ. ಯಾರೂ ಕೆಟ್ಟದಾಗಿ ನಡೆಸಿಕೊಳ್ಳಲಿಲ್ಲ. ಅದೇ ಅಪ್ಪನಿಗೆ ಹೆಚ್ಚು ನೋವಾಯಿತೇನೋ. ಕಬ್ಬಿಣದ ಬಣ್ಣ ನೋಡಿ ಸುರಿ ಎಂದರೆ ಹನ್ನೆರಡು ಜನ ಕದಲುತ್ತಿದ್ದ ಮನುಷ್ಯ. ಈಗ ಅವರಿಗೆ ಜನ ಬೆರಳಿನಲ್ಲಿ ಸನ್ನೆ ಮಾಡಿ ಪೊರಕೆ ಕೇಳುತ್ತಿದ್ದರು.

ಪಕ್ಕದ ಮನೆಯ ತಮಿಳಿನವರು ಆಮೇಲೆ ಒಂದು ತಿಂಗಳು ನನ್ನನ್ನು ಮಾತಾಡಿಸಲಿಲ್ಲ. ಚಿಕ್ಕಂದಿನಿಂದ ನನ್ನನ್ನು ಪಾಪಾ ಎಂದು ಕರೆಯುತ್ತಿದ್ದವರು. ಒಂದು ಬೆಳಗ್ಗೆ ನಲ್ಲಿಯ ಹತ್ತಿರ ನಾನೇ ಎದುರಿಗೆ ಹೋಗಿ ನಿಂತೆ.

"ಏನ್ ಪಾಪಾ," ಎಂದರು, ಕೊಡ ಕೆಳಗಿಡದೆ. "ಇಷ್ಟ್ ಓದಿ ನೀ ಮಾಡಿದ್ ಇದಾ?"

"ಅವರು ಸತ್ತು ಹೋಗ್ತಿದ್ರು ಅಲ್ಲಿ. ಬಾನಿ ಮೇಲೆ ಬಂದ್ರೆ?"

"ಬಾನಿ ಎರಡ್ ವರ್ಷ ದಿನಾ ಬಂತು. ಎರಡ್ ವರ್ಷ ನಾನ್ ಅಣ್ಣನ್ ಕಿವಿ ಆಗಿದ್ದೆ."

"ನೀವು ಒಂದು ದಿನ ರಜ ಹಾಕಿದ್ರೆ?"

ಇದು ಗೆಲ್ಲುವ ಪ್ರಶ್ನೆ ಎಂದು ನನಗೆ ಗೊತ್ತಿತ್ತು. ಅವರು ಕೊಡ ಕೆಳಗಿಟ್ಟರು.

"ಹಾಕಿಲ್ಲ ಪಾಪಾ," ಎಂದರು. "ಊರಲ್ಲಿ ತಮ್ಮನ್ ಮದುವೆ ಆಯ್ತು. ಅದಕ್ಕೂ ಹೋಗಿಲ್ಲ."

ಕೊಡ ಎತ್ತಿಕೊಂಡು ಹೋದರು. ಇದಕ್ಕೆ ಪ್ರತಿವಾದ ಉಂಟು. ಒಬ್ಬ ಮನುಷ್ಯನ ಕೈಯ ಮೇಲೆ ಇನ್ನೊಬ್ಬನ ಜೀವ ಹಾಗೆ ನಿಲ್ಲಬಾರದು. ಜ್ವರ ರಜೆ ಕೇಳಿ ಬರುವುದಿಲ್ಲ. ಅಧಿಕಾರಿ ಮಾಡಿದ್ದು ಸರಿ. ಪರವಾಗಿ ಮಾತಾಡು ಎಂದರೆ ಈಗಲೂ ಹತ್ತು ನಿಮಿಷ ಮಾತಾಡಿ ಬಹುಮಾನ ತರಬಲ್ಲೆ. ವಿರೋಧವಾಗಿ ಎಂದರೂ ಸರಿ. ಆದರೆ ಆ ದಿನ ವೇದಿಕೆ ಹತ್ತುವಾಗ ಅಪ್ಪನ ಜೀವದ ಚಿಂತೆ ನನಗೆ ಇರಲಿಲ್ಲ. ಬಟ್ಟಲಿನ ಚಿಂತೆ ಇತ್ತು. ಜೀವ ಉಳಿಸಿದೆ ಎಂಬ ವಾದ ನನಗೆ ಸಿಕ್ಕಿದ್ದು ಎಲ್ಲ ಮುಗಿದ ಮೇಲೆ.

ಅಪ್ಪ ಭಾನುವಾರದ ನಡಿಗೆ ನಿಲ್ಲಿಸಿದರು. ನಿಲ್ಲಿಸುತ್ತೇನೆ ಎಂದು ಹೇಳಲಿಲ್ಲ. ಮೊದಲ ವಾರ ಮೈ ಸರಿಯಿಲ್ಲ ಎಂದರು, ಎರಡನೆಯ ವಾರ ಬಿಸಿಲು ಎಂದರು, ಮೂರನೆಯ ವಾರ ನಾನು ಕೇಳಲಿಲ್ಲ. ಕ್ಯಾಲೆಂಡರಿನಲ್ಲಿ ಮೂರು ದಾರಿಗಳ ತುದಿಗೆ ಕೆಂಪು ಗುರುತು ಬಿದ್ದಿತ್ತು, ನಾಲ್ಕನೆಯದು ಬರಿದಾಗಿತ್ತು. ಮಳೆ ಮುಗಿದ ಮೇಲೆ ಒಂದು ಭಾನುವಾರ ನಾನು ಒಬ್ಬಳೇ ಬುತ್ತಿ ಕಟ್ಟಿಕೊಂಡು ಹಳಿಯ ಪಕ್ಕದ ದಾರಿಯಲ್ಲಿ ಹೊರಟೆ. ಅಮ್ಮ ತಡೆಯಲಿಲ್ಲ. ಅಪ್ಪ ತಮ್ಮ ಗಡಿಯಾರ ಬಿಚ್ಚಿ ಕೊಟ್ಟರು.

ದಿನಾ ರೈಲಿನಿಂದ ನೋಡುತ್ತಿದ್ದ ದಾರಿ ಕಾಲಿಗೆ ಬೇರೆಯೇ ಆಗಿತ್ತು. ಕಿಟಕಿಯಲ್ಲಿ ಒಂದು ಕ್ಷಣಕ್ಕೆ ಮುಗಿಯುತ್ತಿದ್ದ ಒಂಟಿ ಆಲದ ಮರ ಮುಟ್ಟಲು ಅರ್ಧ ಗಂಟೆ ಹಿಡಿಯಿತು. ಜಲ್ಲಿಯ ಸಂದಿಯಲ್ಲಿ ಹಾವಿನ ಪೊರೆ ಇತ್ತು. ಸಣ್ಣ ಸೇತುವೆಯ ಮೇಲೆ ಹಲಗೆಯಿಂದ ಹಲಗೆಗೆ ಕಾಲಿಡುವಾಗ ಕೆಳಗೆ ಕೆಂಪು ನೀರು ಹೋಗುತ್ತಿತ್ತು. ಹಿಂದಿನಿಂದ ರೈಲು ಬಂದರೆ ನನಗೆ ಕೇಳುತ್ತದೆ ಎಂಬ ಧೈರ್ಯದಲ್ಲೇ ದಾಟಿದೆ ಎಂದು ಆಚೆ ಹೋದ ಮೇಲೆ ಹೊಳೆಯಿತು. ಅಪ್ಪ ಬಂದಿದ್ದರೆ ಏನಾಗುತ್ತಿತ್ತು ಎಂದು ಅಲ್ಲೇ ಕೂತು ಯೋಚಿಸಿದೆ. ಬಂದಿದ್ದರೆ ನಾನು ಮುಂದೆ ನಡೆಯುತ್ತಿದ್ದೆ, ಅವರು ನನ್ನ ಬೆನ್ನು ನೋಡಿಕೊಂಡು ಬರುತ್ತಿದ್ದರು. ಅಷ್ಟೇ ಆಗಬೇಕಾಗಿದ್ದದ್ದು.

ಐದು ಮೈಲಿಯ ಕಲ್ಲಿನ ಹತ್ತಿರ ಹನ್ನೆರಡಕ್ಕೆ ಕೂತೆ. ಒರಗಲು ಬೆನ್ನಿರಲಿಲ್ಲ. ಗಡಿಯಾರದಲ್ಲಿ ಹನ್ನೆರಡಾಯಿತು. ಏನೂ ಕೇಳಲಿಲ್ಲ. ಐದು ನಿಮಿಷ, ಹತ್ತು ನಿಮಿಷ ಕಾದೆ, ಏನೂ ಇಲ್ಲ. ಆ ಭಾನುವಾರಗಳೆಲ್ಲ ನಾವು ಹುಡುಕಿದ್ದು ಇಂಥ ಜಾಗವನ್ನೇ. ಅಲ್ಲಿ ನೋಡುವಂಥದ್ದೇನೂ ಇರಲಿಲ್ಲ. ಎರಡು ಮೇಕೆ, ಬೇಲಿ, ಹಳಿ. ಚೀಟಿಯಲ್ಲಿ 'ಇಲ್ಲ' ಎಂದು ಬರೆದು ಮಡಚಿದೆ. ಕೊಡಲು ಎದುರಿಗೆ ಇನ್ನೊಂದು ಕೈ ಇರಲಿಲ್ಲವಾದ್ದರಿಂದ ಚೀಲಕ್ಕೆ ಹಾಕಿಕೊಂಡೆ.

ಮನೆಗೆ ಬಂದಾಗ ಅಪ್ಪ ಹಿತ್ತಿಲಿನಲ್ಲಿ ತಂತಿಯ ಕೆಳಗೆ ಅದೇ ಚಾಪೆಯ ಮೇಲೆ ಕೂತಿದ್ದರು. ಗಡಿಯಾರ ಕೊಟ್ಟೆ. ಕೈ ಚಾಚಿದರು. ಚೀಟಿಯನ್ನೂ ಕೊಟ್ಟೆ. ಬಿಚ್ಚಿ ಓದಿದರು. ತಿರುಗಿಸಿ ಹಿಂಬದಿ ನೋಡಿದರು.

"ಗಾಳಿ ಯಾವ ಕಡೆ ಇತ್ತು?"

ನಾನು ನೋಡಿರಲಿಲ್ಲ. ಆ ನಿಯಮ ಮಾಡಿದವಳು, ಅದಕ್ಕಾಗಿ ಅಷ್ಟೆಲ್ಲ ಜಗಳವಾಡಿದವಳು, ಆ ದಿನ ಗಾಳಿಯನ್ನೇ ನೋಡಿರಲಿಲ್ಲ. ಅವರಿಗೆ ಕಾಣುವ ಹಾಗೆ ಎದುರಿಗೆ ಕೂತು, ತುಟಿ ಬಿಡಿಸಿ, "ಬರೀಲಿಲ್ಲ," ಎಂದೆ.

"ಹಾಗಾದ್ರೆ ಲೆಕ್ಕಕ್ಕಿಲ್ಲ."

ಸಿಟ್ಟಿರಲಿಲ್ಲ ಅದರಲ್ಲಿ. ಕಬ್ಬಿಣದ ಬಣ್ಣ ಇನ್ನೂ ಬಂದಿಲ್ಲ, ಸುರಿಯಬೇಡ ಎನ್ನುವಾಗಲೂ ಇದೇ ದನಿಯಿರುತ್ತಿತ್ತು ಎಂದು ಪಕ್ಕದ ಮನೆಯವರು ಹೇಳುತ್ತಾರೆ.

"ಮುಂದಿನ ವಾರ ಮತ್ತೆ ಹೋಗ್ತೀನಿ," ಎಂದೆ. "ನೀವೂ ಬನ್ನಿ. ಒಬ್ಬರ ಚೀಟಿ ಪ್ರಮಾಣ ಅಲ್ಲ."

ಅಷ್ಟರಲ್ಲಿ ಅವರು ಮುಖವನ್ನು ಬೇಲಿಯ ಕಡೆ ತಿರುಗಿಸಿ ಆಗಿತ್ತು. ಭುಜ ಮುಟ್ಟಿ ಮತ್ತೆ ಹೇಳಬಹುದಿತ್ತು, ಎರಡು ಸಲ ತಟ್ಟಿದರೆ ತಿರುಗುತ್ತಾರೆ ಎಂದು ಗೊತ್ತಿತ್ತು. ಕೈ ಎತ್ತಿದೆ. ಆ ತಟ್ಟುವಿಕೆ ಪಕ್ಕದ ಮನೆಯವರದು ಎನ್ನಿಸಿ ಇಳಿಸಿದೆ. ಕ್ಯಾಲೆಂಡರಿನಲ್ಲಿ ನಾಲ್ಕನೆಯ ದಾರಿಯ ತುದಿ ಇವತ್ತಿಗೂ ಬರಿದಾಗಿಯೇ ಇದೆ. ಇಲ್ಲಿಯೂ ನಾನು ಯಾರ ಹೆಸರನ್ನೂ ಬರೆದಿಲ್ಲ. ಅದರಿಂದ ಹೇಳಿದ್ದು ಹೇಳದಂತಾಗುವುದಿಲ್ಲ ಎಂದು ಈಗ ಗೊತ್ತಿದೆ.